ಸಿನಿಮಾ ಆದ ನಾಟಕವನ್ನು ಮತ್ತೆ ನಾಟಕ ಮಾಡುವುದು ಹೇಗೆ?

ಪ್ರಶ್ನೆ: ನಾನು ಧಾರವಾಡದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕಿ. ನಮ್ಮ ವಿದ್ಯಾರ್ಥಿಗಳದೊಂದು ನಾಟಕ ತಂಡವಿದೆ, ವರ್ಷಕ್ಕೊಂದು ಪ್ರಯೋಗ ಮಾಡುತ್ತೇವೆ. ಈ ಸಲ ಮಕ್ಕಳು ‘ಅಮೇಡಿಯಸ್’ ಸಿನಿಮಾ ನೋಡಿದ್ದಾರೆ; ಹದಿನೆಂಟನೆಯ ಶತಮಾನದ ವಿಯೆನ್ನಾದ ಸಂಗೀತಗಾರ ಮೊಜಾರ್ಟ್, ಅವನಿಗೆ ವಿಷ ಹಾಕಿದನೆಂಬ ಮಾತಿಗೆ ಗುರಿಯಾದ ಇಟಲಿ ಮೂಲದ ಆಸ್ಥಾನ ಸಂಗೀತಗಾರ ಸಾಲಿಯೇರಿ, ಇವರಿಬ್ಬರ ಕಥೆ ಅದು. ಅದನ್ನೇ ಕನ್ನಡದಲ್ಲಿ ಆಡೋಣ ಎಂದು ಹಟ ಹಿಡಿದಿದ್ದಾರೆ. ಒಬ್ಬ ಹುಡುಗ ಸಿನಿಮಾದ ಸಬ್‌ಟೈಟಲ್‌ಗಳನ್ನು ಇಟ್ಟುಕೊಂಡು ಅರ್ಧದಷ್ಟು ಅನುವಾದವನ್ನೂ ಮುಗಿಸಿದ್ದಾನೆ. ನಮ್ಮ ಇತಿಹಾಸ ವಿಭಾಗದ ಹಿರಿಯರು, “ಸಾಲಿಯೇರಿ ಯಾರನ್ನೂ ಕೊಂದವನಲ್ಲ. ಸತ್ತವನ ತಲೆಗೆ ಕೊಲೆ ಕಟ್ಟಿ ಮಕ್ಕಳಿಂದ ಆಡಿಸುತ್ತೀರಾ?” ಎಂದು ಕೇಳುತ್ತಾರೆ. ಇನ್ನೊಬ್ಬರು, “ಇದು ಮೂಲದಲ್ಲಿ ಪುಷ್ಕಿನ್ ಬರೆದ ರಷ್ಯನ್ ನಾಟಕ, ಹಕ್ಕುಸ್ವಾಮ್ಯದ ಗೋಜೇ ಇಲ್ಲ” ಎನ್ನುತ್ತಾರೆ. ಯಾರ ಮಾತು ನಿಜ? ನಮ್ಮಲ್ಲಿರುವುದು ಹದಿನಾಲ್ಕು ವಿದ್ಯಾರ್ಥಿಗಳು, ಒಂದು ಸಣ್ಣ ಸಭಾಂಗಣ, ಎರಡು ತಿಂಗಳ ಸಮಯ. ಏನು ಮಾಡಬೇಕು?

ಉತ್ತರ: ಮೊದಲು ಆ ಹುಡುಗನಿಗೆ ಅನುವಾದ ನಿಲ್ಲಿಸಲು ಹೇಳಿ. ಬೈಯಬೇಡಿ. ಅರ್ಧ ಸಿನಿಮಾವನ್ನು ಕೂತು ಕನ್ನಡಕ್ಕೆ ತಂದ ಹುಡುಗ ತಂಡಕ್ಕೆ ಬೇಕಾದವನೇ. ಆದರೆ ಅವನು ಹಿಡಿದ ಪಠ್ಯ ತಪ್ಪು. ಏಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ: ಕಥೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ, ರಂಗದ ಮೇಲೆ ಯಾವುದನ್ನು ಆಡಬೇಕು. ನಿಮ್ಮ ಇಬ್ಬರು ಸಹೋದ್ಯೋಗಿಗಳ ಮಾತೂ ಅರ್ಧರ್ಧ ಸರಿ. ಇತಿಹಾಸದ ಮೇಷ್ಟ್ರು ಇತಿಹಾಸದ ಬಗ್ಗೆ ಹೇಳಿದ್ದು ಸರಿ, ನಾಟಕದ ಬಗ್ಗೆ ಹೇಳಿದ್ದು ಸರಿಯಲ್ಲ. ಪುಷ್ಕಿನ್ ಹೆಸರು ಹೇಳಿದವರಿಗೆ ಆ ನಾಟಕ ಇರುವುದು ಗೊತ್ತಿದೆ, ಅದು ಬೇರೆಯೇ ನಾಟಕವೆಂಬುದು ಗೊತ್ತಿಲ್ಲ.

1984ರ ಸಿನಿಮಾವನ್ನು ನಿರ್ದೇಶಿಸಿದವರು ಮಿಲೋಸ್ ಫೋರ್ಮನ್. ಅದರ ಚಿತ್ರಕಥೆ ಬರೆದವರು ಇಂಗ್ಲಿಷ್ ನಾಟಕಕಾರ ಪೀಟರ್ ಶಾಫರ್. ಮೂಲವೂ ಶಾಫರ್ ಅವರದೇ ನಾಟಕ, ಹೆಸರೂ ಅದೇ. ಅದು ಮೊದಲು ರಂಗವೇರಿದ್ದು 1979ರ ನವೆಂಬರ್ 2ರಂದು, ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ. ನಿರ್ದೇಶನ ಪೀಟರ್ ಹಾಲ್ ಅವರದು. ಪಾಲ್ ಸ್ಕೋಫೀಲ್ಡ್ ಸಾಲಿಯೇರಿಯಾಗಿ, ಸೈಮನ್ ಕ್ಯಾಲೋ ಮೊಜಾರ್ಟ್ ಆಗಿ ನಟಿಸಿದರು. ಮರುವರ್ಷ ಡಿಸೆಂಬರಿನಲ್ಲಿ ಅದು ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯಿತು. ಅಲ್ಲಿ ಇಯಾನ್ ಮೆಕೆಲನ್ ಸಾಲಿಯೇರಿ, ಟಿಮ್ ಕರಿ ಮೊಜಾರ್ಟ್. 1981ರಲ್ಲಿ ಶ್ರೇಷ್ಠ ನಾಟಕವೆಂದು ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು, ಅಲ್ಲಿ ಒಟ್ಟು 1,181 ಪ್ರಯೋಗಗಳಾದವು. ಫೋರ್ಮನ್ ಈ ನಾಟಕವನ್ನು ನೋಡಿದ್ದು ಲಂಡನ್ನಿನಲ್ಲಿ, ಅಧಿಕೃತ ಪ್ರದರ್ಶನಕ್ಕೂ ಮುಂಚಿನ ಪ್ರಯೋಗವೊಂದರಲ್ಲಿ. ಸಂಗೀತಗಾರರ ಜೀವನಚರಿತ್ರೆ ಎಂದರೆ ಆಕಳಿಕೆ ಬರುವ ಸಂಗತಿ ಎಂದುಕೊಂಡೇ ಹೋಗಿದ್ದರಂತೆ. ಎದ್ದು ಬರುವಾಗ ಸಿನಿಮಾ ಮಾಡುವುದೆಂದು ತೀರ್ಮಾನಿಸಿದ್ದರು.

ಪುಷ್ಕಿನ್ ಎಲ್ಲಿ ಬರುತ್ತಾನೆ? 1830ರ ಶರತ್ಕಾಲದಲ್ಲಿ ಕಾಲರಾ ಹಬ್ಬಿ ದಾರಿಗಳು ಬಂದಾಗಿ ಬೊಲ್ದಿನೊ ಎಂಬ ಹಳ್ಳಿಯಲ್ಲಿ ಸಿಕ್ಕಿಬಿದ್ದ ಅವನು ಬರೆದ ಪುಟ್ಟ ಪದ್ಯನಾಟಕಗಳಲ್ಲಿ ‘ಮೊಜಾರ್ಟ್ ಮತ್ತು ಸಾಲಿಯೇರಿ’ ಒಂದು. ಎರಡೇ ದೃಶ್ಯ, ಇಬ್ಬರೇ ಮಾತನಾಡುವವರು, ಜೊತೆಗೊಬ್ಬ ಕುರುಡ ಪಿಟೀಲುಗಾರ. ಕರಡಿನ ಹಂತದಲ್ಲಿ ಪುಷ್ಕಿನ್ ಅದಕ್ಕೆ ‘ಅಸೂಯೆ’ ಎಂದು ಹೆಸರಿಡಲು ಯೋಚಿಸಿದ್ದ. 1832ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಅದು ರಂಗಕ್ಕೆ ಬಂತು. ಮುಂದೆ ಅದೇ ಪಠ್ಯವನ್ನು ಸಂಗೀತಗಾರ ರಿಮ್ಸ್ಕಿ-ಕೊರ್ಸಕೋವ್ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮಾಡಿದ. 1898ರಲ್ಲಿ ಮಾಸ್ಕೋದಲ್ಲಿ ಸಾಲಿಯೇರಿಯ ಪಾತ್ರ ಹಾಡಿದವನು ಷಾಲ್ಯಾಪಿನ್. ಶಾಫರ್ ನಾಟಕ ಇದರ ಅನುವಾದವೂ ಅಲ್ಲ, ರೂಪಾಂತರವೂ ಅಲ್ಲ. ಎರಡಕ್ಕೂ ಬೇರು ಒಂದೇ, ವಿಯೆನ್ನಾದ ಒಂದು ಗಾಳಿಮಾತು.

ಈ ಗಾಳಿಮಾತಿನ ಹುಟ್ಟು ನೋಡಿ. ಮೊಜಾರ್ಟ್ ಸತ್ತದ್ದು 1791ರ ಡಿಸೆಂಬರ್ 5ರಂದು, ಮೂವತ್ತೈದನೆಯ ವಯಸ್ಸಿನಲ್ಲಿ. ಸಾವಿನ ದಾಖಲೆಯಲ್ಲಿ ಬರೆದದ್ದು ಮೈಮೇಲೆ ಗುಳ್ಳೆ ಏಳುವ ತೀವ್ರ ಜ್ವರವೆಂದು. ಕೊನೆಯ ದಿನಗಳಲ್ಲಿ ಅವನೇ ತನಗೆ ಯಾರೋ ವಿಷ ಕೊಟ್ಟಿದ್ದಾರೆ ಎಂದು ಹೆಂಡತಿಯ ಬಳಿ ಹಲುಬಿದ್ದನೆಂದು 1798ರಲ್ಲಿ ಬಂದ ಜೀವನಚರಿತ್ರೆಯಲ್ಲಿದೆ. ಯಾರು ಎನ್ನುವುದಿಲ್ಲ. ಆ ಖಾಲಿ ಜಾಗದಲ್ಲಿ ಜನ ಒಂದು ಹೆಸರು ತುಂಬಿದರು. ಮೂರು ದಶಕಗಳ ನಂತರ, 1823ರಲ್ಲಿ, ಮುದುಕನಾದ ಸಾಲಿಯೇರಿ ಮನಸ್ಸಿನ ಸ್ತಿಮಿತ ಕಳೆದುಕೊಂಡು ಆಸ್ಪತ್ರೆ ಸೇರಿದ. ಮೊಜಾರ್ಟ್‌ಗೆ ವಿಷ ಹಾಕಿದ್ದು ತಾನೇ ಎಂದು ಅವನು ಹೇಳಿಕೊಳ್ಳುತ್ತಿದ್ದಾನೆಂದು ಊರೆಲ್ಲ ಸುದ್ದಿ. ಕಿವಿ ಕೇಳದ ಸಂಗೀತಗಾರ ಬೀಥೋವನ್ ಜೊತೆ ಮಾತಾಡಲು ಬರುವವರು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರಲ್ಲ, ಆ ಪುಸ್ತಕಗಳಲ್ಲೂ ಈ ಸುದ್ದಿಯಿದೆ. ಆದರೆ ಆಸ್ಪತ್ರೆಯಲ್ಲಿ ಹಗಲಿರುಳು ಅವನ ಬಳಿಯಿದ್ದ ಇಬ್ಬರು ಸೇವಕರು, ಅಂಥ ಮಾತನ್ನು ಅವನ ಬಾಯಲ್ಲಿ ಎಂದೂ ಕೇಳಿಲ್ಲವೆಂದು ಬರೆದುಕೊಟ್ಟರು. ನೋಡಲು ಹೋದ ಶಿಷ್ಯ ಮೊಷೆಲೆಸ್ ಬಳಿ ಸಾಲಿಯೇರಿ ತಾನಾಗಿಯೇ ಆ ಮಾತೆತ್ತಿ ಅಲ್ಲಗಳೆದ.

ನಿಜವಾಗಿ ಇವರಿಬ್ಬರ ನಡುವೆ ಜಿದ್ದು ಇರಲೇ ಇಲ್ಲವೇ? ಇತ್ತು. ಒಂದೇ ಆಸ್ಥಾನದ ಒಂದೇ ಬೊಕ್ಕಸದ ಕಡೆ ಕೈಚಾಚಿದ ಇಬ್ಬರು ಕಲಾವಿದರ ನಡುವೆ ಇರಬೇಕಾದಷ್ಟು. ಅರಮನೆಗೆ ಬಂದ ರಾಜಕುಮಾರಿಯೊಬ್ಬಳಿಗೆ ಸಂಗೀತ ಕಲಿಸುವ ಕೆಲಸ ಮೊಜಾರ್ಟ್‌ಗೆ ತಪ್ಪಿ ಸಾಲಿಯೇರಿಗೆ ಸಿಕ್ಕಿತು. ಇಟಲಿಯವರು ಸೇರಿ ಗುಂಪುಗಾರಿಕೆ ಮಾಡುತ್ತಾರೆಂಬ ಗೊಣಗಾಟ ಮೊಜಾರ್ಟ್ ಮನೆಯ ಪತ್ರಗಳಲ್ಲಿದೆ. 1786ರ ಫೆಬ್ರವರಿಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಷೋನ್‌ಬ್ರುನ್ ಅರಮನೆಯಲ್ಲಿ ಒಂದೇ ಸಂಜೆ ಇಬ್ಬರ ಕೃತಿಗಳನ್ನೂ ಆಡಿಸಿದ. ಅದರ ಹಿಂದಿನ ವರ್ಷವೇ, ಕಾಯಿಲೆಯಿಂದ ಚೇತರಿಸಿಕೊಂಡ ಗಾಯಕಿಯೊಬ್ಬಳಿಗಾಗಿ ಇಬ್ಬರೂ ಸೇರಿ ಒಂದು ಹಾಡಿಗೆ ಸಂಗೀತ ಕೊಟ್ಟಿದ್ದರು. ಅದು ಕಳೆದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದಾಗ ಪ್ರಾಗ್‌ನ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಯಿತು, 2016ರಲ್ಲಿ ಅಲ್ಲೇ ನುಡಿಸಿದರು. ಸಾಯುವುದಕ್ಕೆ ಏಳು ವಾರ ಮುಂಚೆ ಮೊಜಾರ್ಟ್ ಹೆಂಡತಿಗೆ ಬರೆದ ಪತ್ರವನ್ನಂತೂ ಮಕ್ಕಳಿಗೆ ಓದಿ ಹೇಳಲೇಬೇಕು. ಸಾಲಿಯೇರಿಯನ್ನೂ ಗಾಯಕಿ ಕವಲಿಯೇರಿಯನ್ನೂ ತಾನೇ ಗಾಡಿಯಲ್ಲಿ ಕರೆದುಕೊಂಡು ಹೋಗಿ ತನ್ನ ‘ಮ್ಯಾಜಿಕ್ ಫ್ಲೂಟ್’ ಒಪೆರಾ ತೋರಿಸಿದನಂತೆ. ಸಾಲಿಯೇರಿ ಮೊದಲಿನಿಂದ ಕೊನೆಯವರೆಗೆ ಕಿವಿಗೊಟ್ಟು ಕೇಳಿ, ಒಂದೊಂದು ಭಾಗಕ್ಕೂ ಭೇಷ್ ಭೇಷ್ ಎಂದನಂತೆ. ಹೇಳಿಕೊಂಡಿರುವ ಧಾಟಿಯಲ್ಲಿ ಚಿಕ್ಕ ಹುಡುಗನ ಸಂಭ್ರಮವಿದೆ.

ಸಾಲಿಯೇರಿ ಕಳಪೆ ಸಂಗೀತಗಾರನೂ ಅಲ್ಲ. ಮಿಲಾನಿನ ಪ್ರಸಿದ್ಧ ಲಾ ಸ್ಕಾಲಾ ಒಪೆರಾ ಮಂದಿರ 1778ರಲ್ಲಿ ಬಾಗಿಲು ತೆರೆದದ್ದು ಅವನ ಕೃತಿಯಿಂದ. ದುರಸ್ತಿಯಾಗಿ 2004ರಲ್ಲಿ ಮತ್ತೆ ತೆರೆದಾಗಲೂ ಅದೇ ಕೃತಿಯನ್ನು ಆಡಿದರು. ಬೀಥೋವನ್, ಷೂಬರ್ಟ್, ಲಿಸ್ಟ್ ಮೂವರೂ ಅವನ ಬಳಿ ಕಲಿತವರು. ಮೊಜಾರ್ಟ್ ಸತ್ತ ವರ್ಷ ಹುಟ್ಟಿದ ಕಿರಿಯ ಮಗನೂ ಅವನ ಬಳಿಯೇ ಪಾಠ ಹೇಳಿಸಿಕೊಂಡ. ಗಂಡನಿಗೆ ವಿಷ ಹಾಕಿದವನೆಂದು ನಂಬಿದ್ದರೆ ಯಾವ ತಾಯಿ ಮಗನನ್ನು ಅಲ್ಲಿಗೆ ಕಳಿಸುತ್ತಾಳೆ?

ಇನ್ನೂ ಕೆಲವು ಭ್ರಮೆಗಳನ್ನು ಬೇಗ ಮುಗಿಸಿಬಿಡುತ್ತೇನೆ. ಸಿನಿಮಾದಲ್ಲಿ ಮುಸುಕುಧಾರಿಯೊಬ್ಬ ಬಂದು ಮೊಜಾರ್ಟ್‌ಗೆ ಶ್ರಾದ್ಧಸಂಗೀತ ಬರೆದುಕೊಡಲು ಹೇಳುವ ಪ್ರಸಂಗದ ಹಿಂದೆ ನಿಜವಾಗಿ ಇದ್ದವನು ವಾಲ್ಸೆಗ್ ಎಂಬ ಜಹಗೀರುದಾರ. ಬೇರೆಯವರಿಂದ ಬರೆಸಿ ತನ್ನದೆಂದು ಹೇಳಿಕೊಳ್ಳುವ ಚಟ ಅವನಿಗೆ, ಈ ಸಲ ತೀರಿಕೊಂಡ ಹೆಂಡತಿಯ ನೆನಪಿಗೆ ಬೇಕಿತ್ತು, ಅದಕ್ಕೇ ಹೆಸರು ಮುಚ್ಚಿಟ್ಟು ಆಳು ಕಳಿಸಿದ. ಅಪೂರ್ಣವಾಗಿ ಉಳಿದದ್ದನ್ನು ಮುಗಿಸಿದವನು ಮೊಜಾರ್ಟ್‌ನ ಶಿಷ್ಯ ಸ್ಯೂಸ್‌ಮಾಯರ್, ಸಾಲಿಯೇರಿಗೂ ಅದಕ್ಕೂ ಸಂಬಂಧವಿಲ್ಲ. ಮೊಜಾರ್ಟ್‌ನನ್ನು ಭಿಕಾರಿಗಳ ಗುಂಡಿಗೆ ಎಸೆದರೆಂಬುದೂ ಹಾಗೆಯೇ. ಜೋಸೆಫ್ ತಂದಿದ್ದ ಮಿತವ್ಯಯದ ನಿಯಮಗಳ ಪ್ರಕಾರ ಸಾಮಾನ್ಯ ನಾಗರಿಕರಿಗೆ ಆಗುತ್ತಿದ್ದ ಹಾಗೆ ಅವನ ಶವಸಂಸ್ಕಾರವೂ ಆಯಿತು. ಒಂದು ಚಿತ್ತುಕಾಟೂ ಇಲ್ಲದೆ ನೇರ ತಲೆಯಿಂದ ಹಾಳೆಗೆ ಇಳಿಸುತ್ತಿದ್ದ ಎಂಬುದು ಎಲ್ಲಕ್ಕಿಂತ ಅಂದದ ಸುಳ್ಳು. ಅವನ ಕರಡುಗಳು ಉಳಿದಿವೆ. ಹಿರಿಯ ಸಂಗೀತಗಾರ ಹೈಡನ್‌ಗೆ ಅರ್ಪಿಸಿದ ಆರು ಕೃತಿಗಳು ದೀರ್ಘಕಾಲದ ಕಷ್ಟದ ದುಡಿಮೆಯ ಫಲವೆಂದು ಅವನೇ ಬರೆದುಕೊಂಡಿದ್ದಾನೆ.

ಸಿನಿಮಾ ನೋಡಿದವರು ಸುಳ್ಳೆಂದುಕೊಳ್ಳುವ ಒಂದು ಸಂಗತಿ ಮಾತ್ರ ಅಪ್ಪಟ ನಿಜ: ಮೊಜಾರ್ಟ್‌ನ ಹೊಲಸು ತಮಾಷೆ. ಸೋದರಸಂಬಂಧಿ ಹುಡುಗಿಗೆ ಅವನು ಬರೆದ ಪತ್ರಗಳನ್ನು ತರಗತಿಯಲ್ಲಿ ಓದಲಾಗುವುದಿಲ್ಲ. ಲಂಡನ್ನಿನಲ್ಲಿ ನಾಟಕ ನೋಡಿದ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಅಷ್ಟು ಸೊಗಸಾದ ಸಂಗೀತ ಬರೆದವನ ಬಾಯಿ ಇಷ್ಟು ಹೊಲಸಾಗಿರಲು ಸಾಧ್ಯವೇ ಇಲ್ಲವೆಂದು ಪೀಟರ್ ಹಾಲ್ ಅವರನ್ನು ತರಾಟೆಗೆ ತೆಗೆದುಕೊಂಡರಂತೆ. ದಾಖಲೆಯಿದೆ ಎಂದರೂ ಒಪ್ಪಲಿಲ್ಲವಂತೆ.

ಈಗ ನಿಮ್ಮ ಇತಿಹಾಸದ ಮೇಷ್ಟ್ರ ಪ್ರಶ್ನೆಗೆ ಬರುತ್ತೇನೆ. ಸತ್ತವನ ತಲೆಗೆ ಕೊಲೆ ಕಟ್ಟಿದಂತೆ ಆಗುವುದಿಲ್ಲವೇ? ಪುಷ್ಕಿನ್ ನಾಟಕದಲ್ಲಿ ಆಗುತ್ತದೆ. ಅಲ್ಲಿ ಸಾಲಿಯೇರಿ ಪ್ರೇಕ್ಷಕರ ಕಣ್ಣೆದುರೇ ಲೋಟಕ್ಕೆ ವಿಷ ಹಾಕುತ್ತಾನೆ. ಶಾಫರ್ ನಾಟಕದ ಹೂಟವೇ ಬೇರೆ. ಅದು ನಡೆಯುವುದು 1823ರ ಒಂದು ರಾತ್ರಿ, ಮುದುಕ ಸಾಲಿಯೇರಿಯ ಕೋಣೆಯಲ್ಲಿ. ನಾವು ನೋಡುವುದೆಲ್ಲ ಅವನ ನೆನಪು, ಅವನ ವಾದ, ಅವನ ಬಣ್ಣ. ಮೊಜಾರ್ಟ್‌ನ ಹೆಸರಿರುವಷ್ಟು ಕಾಲ ತನ್ನ ಹೆಸರೂ ಇರಬೇಕು, ಕೀರ್ತಿಯಿಂದ ಆಗದಿದ್ದರೆ ಅಪಕೀರ್ತಿಯಿಂದಲಾದರೂ ಸರಿ ಎಂದು ತಾನೇ ಕೊಲೆಗಾರನೆಂಬ ಸುದ್ದಿ ಹಬ್ಬಿಸುತ್ತಾನೆ. ನಾಟಕದ ಕೊನೆಗೆ ಕತ್ತು ಕೊಯ್ದುಕೊಳ್ಳುತ್ತಾನೆ, ಸಾಯುವುದಿಲ್ಲ. ಆಮೇಲೆ ಬೀಥೋವನ್‌ನ ಆ ಸಂಭಾಷಣೆಯ ಪುಸ್ತಕದ ಸಾಲುಗಳನ್ನು ಓದಿ ಹೇಳುತ್ತಾರೆ: ಮುದುಕನಿಗೆ ತಲೆಕೆಟ್ಟಿದೆ, ಅವನ ಮಾತನ್ನು ಯಾರೂ ನಂಬುವುದಿಲ್ಲ.

ಇತಿಹಾಸದಲ್ಲಿ ಅವನ ಮೇಲಿನ ಅನುಮಾನಕ್ಕೆ ಪುರಾವೆಯಾಗಿ ಎಳೆದು ತರುವ ಅದೇ ಹಾಳೆ ರಂಗದ ಮೇಲೆ ಅವನ ಕೊನೆಯ ಸೋಲಾಗುತ್ತದೆ. ಮಾಡದ ಕೊಲೆಯ ಯಶಸ್ಸೂ ಅವನಿಗೆ ದಕ್ಕುವುದಿಲ್ಲ. ಇಷ್ಟು ಮೇಷ್ಟ್ರಿಗೆ ಹೇಳಿ ನೋಡಿ. ಒಪ್ಪದಿದ್ದರೆ ಪ್ರದರ್ಶನದ ದಿನ ಹಂಚುವ ಕರಪತ್ರದಲ್ಲಿ ಅರ್ಧ ಪುಟದ ಇತಿಹಾಸ ಬರೆದುಕೊಡಲು ಅವರನ್ನೇ ಕೇಳಿ.

ಈಗ ಸಬ್‌ಟೈಟಲ್ ಹುಡುಗನ ವಿಷಯ. ಸಿನಿಮಾದಿಂದ ನಾಟಕ ಇಳಿಸುವುದು ಏಕೆ ಕೆಡುತ್ತದೆಂದು ನನಗೆ ಗೊತ್ತಿರುವುದು ಕೆಡಿಸಿದ್ದರಿಂದಲೇ. ಮೂವತ್ತರ ಆಸುಪಾಸಿನಲ್ಲಿ ಒಂದು ಸಿನಿಮಾವನ್ನು ದೃಶ್ಯಕ್ಕೆ ದೃಶ್ಯ ರಂಗಕ್ಕೆ ತಂದಿದ್ದೆ. ಇಪ್ಪತ್ತಮೂರು ಸಲ ದೀಪ ಆರಿಸಬೇಕಾಯಿತು. ಪ್ರತಿ ಸಲವೂ ಕತ್ತಲಲ್ಲಿ ಮಂಚ ಎಳೆಯುವ ಸದ್ದು, ಯಾರದೋ ಕಾಲಿಗೆ ತಗುಲಿ ತಂಬಿಗೆ ಉರುಳುವ ಸದ್ದು. ಆರನೆಯ ಕತ್ತಲಿಗೆ ಪ್ರೇಕ್ಷಕರು ಕೆಮ್ಮತೊಡಗಿದರು, ಹತ್ತನೆಯದಕ್ಕೆ ಪಕ್ಕದವರ ಜೊತೆ ಮಾತಿಗಿಳಿದರು. ಸಿನಿಮಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಲು ಕಣ್ಣೆವೆ ಮುಚ್ಚುವಷ್ಟು ಹೊತ್ತು ಸಾಕು. ರಂಗದ ಮೇಲೆ ಆ ಹಾರಾಟವನ್ನು ಮಾತು ಮಾಡಬೇಕು, ಇಲ್ಲವೇ ನಟನ ಮೈ ಮಾಡಬೇಕು.

ಶಾಫರ್ ಅವರಿಗೆ ಇದು ಎದುರು ದಿಕ್ಕಿನಿಂದ, ನಾಟಕವನ್ನು ಸಿನಿಮಾ ಮಾಡುವ ಕಡೆಯಿಂದ, ಗೊತ್ತಿತ್ತು. ಅದಕ್ಕೇ ಸಿನಿಮಾಗೆಂದು ನಾಟಕವನ್ನು ಕತ್ತರಿಸಿ ಹೊಲಿಯಲಿಲ್ಲ, ಫೋರ್ಮನ್ ಜೊತೆ ತಿಂಗಳುಗಟ್ಟಲೆ ಕೂತು ಹೊಸದಾಗಿ ಬರೆದರು. ಏನು ಬಿಟ್ಟರು, ಏನು ಸೇರಿಸಿದರು ಎಂದು ನೋಡಿದರೆ ನಿಮ್ಮ ಹುಡುಗನ ಕೈಯಲ್ಲಿರುವ ಹಾಳೆಗಳಲ್ಲಿ ಏನಿಲ್ಲವೆಂದು ತಿಳಿಯುತ್ತದೆ.

ಮೊದಲು ಹೋದವರು ವೆಂಟಿಚೆಲ್ಲಿಗಳು. ಇಟಲಿಯ ಭಾಷೆಯಲ್ಲಿ ಪುಟ್ಟ ಗಾಳಿಗಳು ಎಂದರ್ಥ. ನಾಟಕದಲ್ಲಿ ಇವರಿಬ್ಬರು ಸಾಲಿಯೇರಿಯ ಚಾರರು. ಒಬ್ಬನ ಮಾತಿನ ಬಾಲವನ್ನು ಇನ್ನೊಬ್ಬ ಹಿಡಿದು ಊರ ಸುದ್ದಿಯನ್ನೆಲ್ಲ ತಂದು ಸುರಿಯುತ್ತಾರೆ. ವರ್ಷ ಕಳೆಯಿತು, ಮೊಜಾರ್ಟ್‌ಗೆ ಸಾಲವಾಯಿತು, ಒಪೆರಾ ಬಿದ್ದುಹೋಯಿತು, ಎಲ್ಲವೂ ಅವರ ಬಾಯಿಂದ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಸಿನಿಮಾಗೆ ಇವರು ಬೇಕಿಲ್ಲ, ಕ್ಯಾಮೆರಾ ಬೀದಿಗೇ ಹೋಗಿ ತೋರಿಸುತ್ತದೆ. ಕನ್ನಡ ರಂಗಕ್ಕೋ, ಇವರು ಕೇಳದೆ ಸಿಕ್ಕ ವರ. ಗಾಳಿಮಾತು ಎಂಬ ಪದ ನಮ್ಮಲ್ಲಿ ಸಿದ್ಧವಾಗಿದೆ. ಆಟಕ್ಕೆ ಮುಂಚೆ ಬರುವ ಕೋಡಂಗಿಗಳ, ಬಯಲಾಟದ ಸಾರಥಿಯ ಪರಿಚಯ ನಿಮ್ಮ ಭಾಗದ ಪ್ರೇಕ್ಷಕರಿಗೆ ಇದ್ದೇ ಇದೆ. ಹದಿನಾಲ್ಕು ಜನರಲ್ಲಿ ಇಬ್ಬರು ಚುರುಕು ನಾಲಗೆಯವರು ಸಿಕ್ಕರೆ ನಿಮ್ಮ ಅರ್ಧ ರಂಗಸಜ್ಜಿಕೆಯ ಖರ್ಚು ಉಳಿಯಿತು.

ಎರಡನೆಯದು ಪಾದ್ರಿ. ಸಿನಿಮಾ ಶುರುವಾಗುವುದೇ ಸಾಲಿಯೇರಿ ಕತ್ತು ಕೊಯ್ದುಕೊಂಡ ರಾತ್ರಿಯಿಂದ. ಆಮೇಲೆ ಆಸ್ಪತ್ರೆಗೆ ಬಂದ ಎಳೆ ವಯಸ್ಸಿನ ಪಾದ್ರಿಗೆ ಅವನು ಕಥೆ ಹೇಳುತ್ತಾನೆ, ಕೇಳುವ ಮುಖ ಬಾಡುತ್ತಾ ಹೋಗುವುದನ್ನು ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ. ನಾಟಕದಲ್ಲಿ ಪಾದ್ರಿ ಇಲ್ಲ. ಗಾಲಿಕುರ್ಚಿಯಲ್ಲಿ ಕೂತ ಮುದುಕ ಕತ್ತಲಿಗೆ ಮುಖ ಮಾಡಿ, ಇನ್ನೂ ಹುಟ್ಟದವರನ್ನು, ಭವಿಷ್ಯದ ಪ್ರೇತಗಳನ್ನು ಆವಾಹನೆ ಮಾಡುತ್ತಾನೆ. ಮೆಲ್ಲಗೆ ಸಭಾಂಗಣದ ದೀಪಗಳು ಹತ್ತುತ್ತವೆ. ಆ ಪ್ರೇತಗಳು ನಾವೇ. ಅವನ ಪಾಪನಿವೇದನೆ ಕೇಳಬೇಕಾದವರೂ, ಕೊನೆಗೆ ಅವನಿಂದ ಕ್ಷಮೆ ಪಡೆಯಬೇಕಾದ ಅಲ್ಪಪ್ರತಿಭೆಯವರೂ ನಾವೇ. ಇದನ್ನು ಬಿಟ್ಟು ರಂಗದ ಮೇಲೆ ಪಾದ್ರಿಯನ್ನು ಕೂರಿಸಿದರೆ ಆ ಹುಡುಗ ಎರಡು ಗಂಟೆ ಗೋಣು ಆಡಿಸುತ್ತಾ ಕೂರಬೇಕು, ಪ್ರೇಕ್ಷಕರು ಬೇರೆಯವರ ಮನೆಯ ಮಾತು ಕದ್ದು ಕೇಳಿದಂತೆ ಕೂರಬೇಕು.

ಮುದುಕ ಯುವಕನಾಗುವುದೂ ಅಷ್ಟೇ. ಸಿನಿಮಾದಲ್ಲಿ ಅದಕ್ಕೆ ಡಿಕ್ ಸ್ಮಿತ್ ಅವರ ಪ್ರಸಾಧನ ಬೇಕಾಯಿತು, ಅದಕ್ಕೆ ಆಸ್ಕರ್ ಕೂಡ ಬಂತು. ನಾಟಕದಲ್ಲಿ ಸಾಲಿಯೇರಿ ನಮ್ಮ ಕಣ್ಣೆದುರೇ ಹಳೆಯ ನಿಲುವಂಗಿ ಕಳಚಿ ಎದ್ದು ನಿಲ್ಲುತ್ತಾನೆ, ಬೆನ್ನು ನೆಟ್ಟಗಾಗುತ್ತದೆ, ದನಿಗೆ ನೀರು ಬರುತ್ತದೆ, ಮೂವತ್ತೊಂದರ ಆಸ್ಥಾನ ಸಂಗೀತಗಾರನಾಗಿದ್ದಾನೆ. ನಿಮಗೆ ಬೇಕಿರುವುದು ಒಂದು ಹಳೆ ಶಾಲು ಮತ್ತು ಒಬ್ಬ ನಟ.

ಸಂಗೀತವನ್ನು ಬಳಸುವ ರೀತಿಯಲ್ಲಿ ಇವೆರಡರ ವ್ಯತ್ಯಾಸ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಒಂದೇ ದೃಶ್ಯದಲ್ಲಿ. ಮೊಜಾರ್ಟ್ ಬರೆದ, ಹದಿಮೂರು ವಾದ್ಯಗಳ ಸೆರನೇಡ್ ಎಂಬ ಕೃತಿಯೊಂದಿದೆ, ಹನ್ನೆರಡು ಗಾಳಿವಾದ್ಯ, ಒಂದು ದೊಡ್ಡ ತಂತಿವಾದ್ಯ. ಅದರ ನಿಧಾನಗತಿಯ ಭಾಗವನ್ನು ಸಾಲಿಯೇರಿ ಮೊದಲ ಸಲ ಕೇಳುತ್ತಾನೆ. ಸಿನಿಮಾದಲ್ಲಿ ಅವನು ಸ್ವರಲಿಪಿಯ ಹಾಳೆ ನೋಡುತ್ತಿರುವಾಗ ಒಂದೊಂದೇ ವಾದ್ಯ ನಮ್ಮ ಕಿವಿಗೂ ಬೀಳುತ್ತದೆ, ನೆವಿಲ್ ಮ್ಯಾರಿನರ್ ಅವರ ವಾದ್ಯವೃಂದದ ಅಚ್ಚುಕಟ್ಟಾದ ನುಡಿಸಾಣಿಕೆ. ನಾಟಕದಲ್ಲಿ ಸಂಗೀತ ಎಲ್ಲೋ ಒಳಗಿನ ಕೋಣೆಯಿಂದ ಬರುತ್ತದೆ. ಸಾಲಿಯೇರಿ ಕತ್ತಲಲ್ಲಿ ಕುರ್ಚಿಯ ಮೇಲೆ ಕೂತು ವಿವರಿಸುತ್ತಾನೆ: ಶುರುವಿನಲ್ಲಿ ಏನೂ ಇಲ್ಲ, ತಳದ ವಾದ್ಯಗಳ ಬರಿಯ ಮಿಡಿತ, ತುಕ್ಕು ಹಿಡಿದ ತಿದಿಪೆಟ್ಟಿಗೆಯ ಹಾಗೆ. ಇದ್ದಕ್ಕಿದ್ದಂತೆ ಮೇಲೆಲ್ಲೋ ಓಬೋ ವಾದ್ಯದ ಒಂದೇ ಸ್ವರ ಅಲುಗದೆ ನಿಂತುಬಿಡುತ್ತದೆ. ಉಸಿರು ಕಟ್ಟುವ ಹೊತ್ತಿಗೆ ಕ್ಲಾರಿನೆಟ್ ಬಂದು ಆ ಸ್ವರವನ್ನು ಕೈಹಿಡಿದು ಇಳಿಸಿಕೊಳ್ಳುತ್ತದೆ. ಕೇಳಲಾರದೆ ಅವನು ಬೀದಿಗೆ ಓಡುತ್ತಾನೆ. ಪ್ರೇಕ್ಷಕರು ಕೇಳುವುದು ಸಂಗೀತವನ್ನಲ್ಲ, ಸಂಗೀತ ಕೇಳಿ ಸುಟ್ಟುಹೋಗುತ್ತಿರುವ ಮನುಷ್ಯನನ್ನು. ಆ ಭಾಗವನ್ನು ಮಕ್ಕಳು ಮೂರು ನಾಲ್ಕು ಸಲ ಕಣ್ಣು ಮುಚ್ಚಿ ಕೇಳಲಿ, ಅನುವಾದ ಆಮೇಲೆ. ಹಿಂದೂಸ್ತಾನಿ ಕೇಳಿ ಬೆಳೆದ ಧಾರವಾಡದ ಕಿವಿಗೆ, ತಾನಪುರದ ಮೇಲೆ ಷಡ್ಜ ಹತ್ತಿ ನಿಲ್ಲುವ ಆ ಗಳಿಗೆ ಗೊತ್ತಿಲ್ಲದ್ದೇನಲ್ಲ.

ಸೇರಿಸಿದ್ದು ಏನು? ಸಾಯುತ್ತಿರುವ ಮೊಜಾರ್ಟ್ ಮಂಚದ ಮೇಲಿಂದ ಸ್ವರ ಹೇಳುತ್ತಾ ಸಾಲಿಯೇರಿ ಬರೆದುಕೊಳ್ಳುವ ದೃಶ್ಯವಿದೆಯಲ್ಲ, ನಿಮ್ಮ ಮಕ್ಕಳು ಮೆಚ್ಚಿರುವುದು ಬಹುಶಃ ಅದನ್ನೇ. ಅದು ಸಿನಿಮಾಗೆಂದೇ ಹುಟ್ಟಿದ್ದು. ಶಿಲುಬೆಯನ್ನು ಬೆಂಕಿಗೆ ಹಾಕುವುದೂ ಅಲ್ಲಿನದೇ. ಸಿನಿಮಾದ ಸಾಲಿಯೇರಿ ದೇವರಿಗೆ ಬ್ರಹ್ಮಚರ್ಯವನ್ನೇ ಹರಕೆ ಹೊರುತ್ತಾನೆ, ನಾಟಕದಲ್ಲಿ ಅವನಿಗೆ ತೆರೇಸಾ ಎಂಬ ಮಾತಾಡದ ಹೆಂಡತಿಯಿದ್ದಾಳೆ. ನಿಜವಾದ ಸಾಲಿಯೇರಿ ಎಂಟು ಮಕ್ಕಳ ತಂದೆ. ಸಿನಿಮಾ ಚಿತ್ರೀಕರಣವಾದದ್ದು ಬಹುಪಾಲು ಪ್ರಾಗ್ ನಗರದಲ್ಲಿ. 1787ರಲ್ಲಿ ಮೊಜಾರ್ಟ್‌ನ ‘ಡಾನ್ ಜಿಯೋವಾನಿ’ ಒಪೆರಾ ಮೊದಲು ಆಡಿದ ರಂಗಮಂದಿರದ ಒಳಗೇ ಕ್ಯಾಮೆರಾ ಇಟ್ಟಿದ್ದರು. ಎಂಟು ಆಸ್ಕರ್ ಪಡೆದ ಆ ವೈಭವದ ಜೊತೆ ನಿಮ್ಮ ಸಣ್ಣ ಸಭಾಂಗಣ ಪೈಪೋಟಿಗೆ ಇಳಿಯಬಾರದು, ಇಳಿಯಬೇಕಾಗಿಯೂ ಇಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು.

ಶಾಫರ್ ನಾಟಕವನ್ನೇ ಆಡುವುದು ಮೊದಲನೆಯದು. ಶಾಫರ್ ತೀರಿಕೊಂಡದ್ದು 2016ರಲ್ಲಿ. ನಮ್ಮ ಕಾನೂನಿನಲ್ಲಿ ಹಕ್ಕು ಲೇಖಕನ ನಂತರ 60 ವರ್ಷ ಉಳಿಯುತ್ತದೆ, ಅಂದರೆ 2076ರ ಕೊನೆಯವರೆಗೆ. ಕಾಲೇಜಿನ ಒಳಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಪೋಷಕರ ಮುಂದೆ ಆಡುವುದಕ್ಕೂ, ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡುವುದಕ್ಕೂ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ, ಅದನ್ನು ನಂಬಿ ಅನೇಕರು ಆಡುತ್ತಾರೆ. ಅವರು ಮರೆಯುವ ಸಂಗತಿಯೆಂದರೆ ಆ ವಿನಾಯಿತಿ ಆಡುವುದಕ್ಕೆ ಕೊಟ್ಟದ್ದು. ಅನುವಾದ ಮಾಡುವುದು ಬೇರೆಯೇ ಹಕ್ಕು. ಇಂಗ್ಲಿಷಿನಲ್ಲಿ ಆಡಿದರೆ ಒಂದು ಮಾತು, ಕನ್ನಡಕ್ಕೆ ತಂದು ಆಡಿದರೆ, ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕಿದರೆ, ಸ್ಪರ್ಧೆಗೆ ಒಯ್ದರೆ ಇನ್ನೊಂದು ಮಾತು. ಮುದ್ರಿತ ನಾಟಕದ ಮೊದಲ ಪುಟಗಳಲ್ಲಿ ಯಾರಿಂದ ಅನುಮತಿ ಪಡೆಯಬೇಕೆಂದು ಅಚ್ಚಾಗಿರುತ್ತದೆ, ಅವರಿಗೆ ಬರೆಯಿರಿ. ಉತ್ತರ ಎರಡು ತಿಂಗಳೊಳಗೆ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಇನ್ನೊಂದು ಎಚ್ಚರಿಕೆ: ಶಾಫರ್ ಈ ನಾಟಕವನ್ನು ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗುವಾಗ ತಿದ್ದಿದರು, ಆಮೇಲೂ ತಿದ್ದುತ್ತಲೇ ಇದ್ದರು, ಮುಖ್ಯವಾಗಿ ಕೊನೆಯ ಭಾಗವನ್ನು. ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಪ್ರತಿ ಯಾವ ಆವೃತ್ತಿ ಎಂದು ನೋಡಿಕೊಳ್ಳದೆ ಪಾತ್ರ ಹಂಚಬೇಡಿ. ಇಬ್ಬರು ನಟರು ಎರಡು ಆವೃತ್ತಿ ಬಾಯಿಪಾಠ ಮಾಡಿಕೊಂಡು ಬಂದ ತಾಲೀಮು ನಾನು ನೋಡಿದ್ದೇನೆ.

ಪುಷ್ಕಿನ್ ಎರಡನೆಯ ದಾರಿ. ಅವನ ಹಕ್ಕು ಮುಗಿದು ಕಾಲವಾಗಿದೆ, ನಿಮ್ಮ ಸಹೋದ್ಯೋಗಿ ಹೇಳಿದ್ದು ಇಲ್ಲಿಗೆ ಸರಿ. ಆದರೆ ಈಚಿನ ಇಂಗ್ಲಿಷ್ ಅನುವಾದವನ್ನು ಹಿಡಿದು ಕನ್ನಡಕ್ಕೆ ತಂದರೆ ಆ ಅನುವಾದಕರ ಹಕ್ಕು ಅಡ್ಡ ಬರುತ್ತದೆ, ರಷ್ಯನ್ ಬಲ್ಲವರೊಬ್ಬರನ್ನು ಹುಡುಕಿ. ಅರ್ಧ ಗಂಟೆಯೂ ಹಿಡಿಯದ ನಾಟಕ, ಹದಿನಾಲ್ಕು ಜನರಿಗೆ ಪಾತ್ರ ಸಾಲದು. ಆದರೆ ಅದರಲ್ಲೊಂದು ಮಿಂಚು ಇದೆ. ಹೋಟೆಲಿನ ಬಾಗಿಲಲ್ಲಿ ಕುರುಡನೊಬ್ಬ ಮೊಜಾರ್ಟ್‌ನದೇ ಹಾಡನ್ನು ಅಪಸ್ವರವಾಗಿ ಕುಯ್ಯುತ್ತಿರುತ್ತಾನೆ. ಮೊಜಾರ್ಟ್ ಅವನನ್ನು ಕೈಹಿಡಿದು ಸಾಲಿಯೇರಿಯ ಮನೆಗೇ ಕರೆತಂದು ನುಡಿಸಲು ಹೇಳಿ ಹೊಟ್ಟೆ ಹಿಡಿದು ನಗುತ್ತಾನೆ. ಸಾಲಿಯೇರಿಗೆ ನಗು ಬರುವುದಿಲ್ಲ. ಇಬ್ಬರ ಸ್ವಭಾವವೂ ಆ ಒಂದು ನಗುವಿನಲ್ಲಿ ಬೇರೆಯಾಗುತ್ತದೆ. ಆಮೇಲೆ, ಪ್ರತಿಭೆಯೂ ಪಾತಕವೂ ಒಂದೆಡೆ ಇರಲಾರವು ಎಂದು ಹೇಳಿ, ವಿಷ ಬೆರೆತದ್ದು ತಿಳಿಯದೆ ಮೊಜಾರ್ಟ್ ಲೋಟ ಎತ್ತುತ್ತಾನೆ.

ಮೂರನೆಯದು, ದಾಖಲೆಗಳಿಂದ ನಿಮ್ಮದೇ ನಾಟಕ ಕಟ್ಟುವುದು. ಮೊಜಾರ್ಟ್‌ನ ಪತ್ರಗಳು, ಸೇವಕರ ಹೇಳಿಕೆ, ಬೀಥೋವನ್‌ನ ಪುಸ್ತಕ, ಊರ ಗಾಳಿಮಾತು, ನಡುವೆ ಪುಷ್ಕಿನ್ನನ ಎರಡು ದೃಶ್ಯ. ಹದಿನಾಲ್ಕು ಜನರೂ ಗಾಳಿಮಾತಾಗಬಹುದು. ಗಾಳಿಮಾತು ಯಾರಪ್ಪನ ಸೊತ್ತೂ ಅಲ್ಲ. ಆದರೆ ಗಾಲಿಕುರ್ಚಿ, ಭವಿಷ್ಯದ ಪ್ರೇತಗಳು, ತುಕ್ಕು ಹಿಡಿದ ತಿದಿಪೆಟ್ಟಿಗೆ, ಇವೆಲ್ಲ ಶಾಫರ್ ಕಲ್ಪನೆ, ಮುಟ್ಟುವ ಹಾಗಿಲ್ಲ. ಇಲ್ಲಿರುವ ಅಪಾಯ ಬೇರೆ ಜಾತಿಯದು: ದಾಖಲೆಗಳೆಲ್ಲ ಕೈಗೆ ಬಂದ ಉತ್ಸಾಹದಲ್ಲಿ ನಾಟಕ ಉಪನ್ಯಾಸವಾಗಿಬಿಡುತ್ತದೆ. ನಿಮ್ಮ ಸಬ್‌ಟೈಟಲ್ ಹುಡುಗನಿಗೆ ಈ ಕೆಲಸ ಕೊಡಿ, ಇತಿಹಾಸದ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿ. ನನ್ನನ್ನು ಕೇಳಿದರೆ ಈ ವರ್ಷಕ್ಕೆ ಇದೇ ಸರಿ, ಶಾಫರ್ ನಾಟಕಕ್ಕೆ ಅನುಮತಿ ಕೇಳಿ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಯಾವ ದಾರಿ ಹಿಡಿದರೂ ಧ್ವನಿಮುದ್ರಣಗಳ ಹಕ್ಕು ಬೇರೆ ಇರುತ್ತದೆ ಎಂಬುದು ನೆನಪಿರಲಿ. ಮೊಜಾರ್ಟ್ ಎಲ್ಲರವನು, ಅವನನ್ನು ನುಡಿಸಿ ಮುದ್ರಿಸಿದ ಕಂಪನಿ ಅಲ್ಲ. ಪಿಟೀಲು ಬಲ್ಲ ವಿದ್ಯಾರ್ಥಿಯೊಬ್ಬ ಸಿಕ್ಕರೆ ಅವನು ಅಪಸ್ವರ ನುಡಿಸಿದರೂ ಆಯಿತು, ಕುರುಡನ ಪಾತ್ರ ಇದೆಯಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು, ನೀವು ಕೇಳದಿದ್ದರೂ. ದೀಕ್ಷಾಸ್ನಾನದಲ್ಲಿ ಮೊಜಾರ್ಟ್‌ಗೆ ಇಟ್ಟ ಹೆಸರುಗಳಲ್ಲಿ ಒಂದು ಥಿಯೋಫಿಲಸ್. ಅದರ ಲ್ಯಾಟಿನ್ ರೂಪವೇ ಅಮೇಡಿಯಸ್, ಅವನು ಸಹಿ ಹಾಕುತ್ತಿದ್ದದ್ದು ಹೆಚ್ಚಾಗಿ ಅಮಡೆ ಎಂದು. ದೇವರಿಗೆ ಬೇಕಾದವನು ಎಂದು ಅರ್ಥ ಮಾಡಬಹುದು, ಸಾಲಿಯೇರಿಯ ಹೊಟ್ಟೆಯುರಿಯೆಲ್ಲ ಆ ಅರ್ಥದ ಮೇಲೆಯೇ. ನಮ್ಮ ಮಸ್ಕಿಯ ಶಾಸನದಲ್ಲಿ ಅಶೋಕನ ಬಿರುದು ಇದೆಯಲ್ಲ, ದೇವಾನಾಂಪ್ರಿಯ? ಮುಂದೆ ಸಂಸ್ಕೃತ ವ್ಯಾಕರಣಕಾರರು ಅದೇ ಮಾತಿಗೆ ಮೂರ್ಖ ಎಂಬ ಅರ್ಥವನ್ನೂ ಹೇಳಿದರು. ದೇವರ ಮುದ್ದಿನವನೂ ಹೌದು, ಶುದ್ಧ ಪೆದ್ದನೂ ಹೌದು. ಇಷ್ಟು ಒಪ್ಪುವ ಶೀರ್ಷಿಕೆ ಇಂಗ್ಲಿಷಿನವರಿಗೂ ಸಿಕ್ಕಿಲ್ಲ.

ತಾಲೀಮಿನ ಮೊದಲ ದಿನ ಪಠ್ಯ ಹಂಚಬೇಡಿ. ಕೋಣೆಯ ಕಿಟಕಿ ಮುಚ್ಚಿಸಿ, ಹದಿನಾಲ್ಕು ಜನರನ್ನೂ ಗೋಡೆಯುದ್ದಕ್ಕೆ ಬೇರೆ ಬೇರೆ ನಿಲ್ಲಿಸಿ, ಸಾಲಿಯೇರಿ ಆಗುವ ಹುಡುಗನನ್ನು ನಡುವೆ ಬೆನ್ನು ತಿರುಗಿಸಿ ಕೂರಿಸಿ. ಉಳಿದವರು ಪಿಸುದನಿಯಲ್ಲಿ ಬರಿಯ ಅವನ ಹೆಸರು ಹೇಳಲಿ, ಮೊದಲ ‘ಸ’ಕಾರವನ್ನು ಹಾವು ಬುಸುಗುಟ್ಟುವಷ್ಟು ಎಳೆದು. ಲಂಡನ್ನಿನಲ್ಲಿ ನಾಟಕ ಶುರುವಾದದ್ದೂ ಪಿಸುಮಾತಿನಿಂದಲೇ, ಊರಿಗೆ ಊರೇ ಒಬ್ಬನ ಹೆಸರು ಹೇಳುವುದು ರಂಗಕ್ಕೆ ಹಳೆಯ ವಿದ್ಯೆ. ಆ ಹುಡುಗ ಎಷ್ಟನೆಯ ಸಲಕ್ಕೆ ತಿರುಗಿ ನೋಡಿದ ಎಂದು ನನಗೆ ಬರೆದು ತಿಳಿಸಿ.